ಬೆಲ್‌ಫಾಸ್ಟ್‌ನ ಕಾರುಗಳ್ಳರು: ಗುಂಡಿಗೂ ಬಗ್ಗದ ಚಟ

ಕಾರು ಕದಿಯುವವರೆಲ್ಲ ಮಾರುವುದಕ್ಕೆಂದೇ ಕದಿಯುವುದಿಲ್ಲ. ಬೀದಿಯಲ್ಲಿ ನಿಂತ ಕಾರಿನ ಬೀಗ ಮುರಿದು, ರಾತ್ರಿಯೆಲ್ಲ ಅತಿವೇಗದಲ್ಲಿ ಓಡಿಸಿ, ಕೊನೆಗೆ ಎಲ್ಲೋ ಬಿಟ್ಟು ಅಥವಾ ಸುಟ್ಟು ಹೋಗುವ ಹದಿಹರೆಯದವರ ಚಟಕ್ಕೆ ‘ಜಾಯ್‌ರೈಡಿಂಗ್’ ಎಂದು ಹೆಸರು. ಬ್ರಿಟನ್ನಿನ ಹಲವು ನಗರಗಳನ್ನು ಕಾಡಿದ ಈ ಪಿಡುಗು ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ತಾಳಿದ ರೂಪವೇ ಬೇರೆ. ಕಳ್ಳನನ್ನು ಹಿಡಿಯುವುದು ಹೇಗೆ ಎಂಬುದಕ್ಕಿಂತ, ಕಾರು ಕಳೆದುಕೊಂಡವನು ಯಾರಿಗೆ ದೂರು ಕೊಡಬೇಕು ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಗಿತ್ತು.

1960ರ ದಶಕದ ಕೊನೆಯಿಂದ ಮೂರು ದಶಕಗಳ ಕಾಲ ನಡೆದ ಸಂಘರ್ಷದಲ್ಲಿ ಅಲ್ಲಿ ಸುಮಾರು 3,500 ಮಂದಿ ಸತ್ತರು. ಪಶ್ಚಿಮ ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್ ಬಡಾವಣೆಗಳಿಗೆ ಪೊಲೀಸರು ಸೈನಿಕರ ಬೆಂಗಾವಲಿಲ್ಲದೆ ಕಾಲಿಡುವಂತಿರಲಿಲ್ಲ. ಕಳ್ಳತನದ ದೂರು ಬಂದರೂ ಅದು ತಮ್ಮನ್ನು ಕೊಲ್ಲಲು ಒಡ್ಡಿದ ಬಲೆಯಿರಬಹುದೆಂಬ ಶಂಕೆ ಅವರಿಗೆ. ಪೊಲೀಸರೊಡನೆ ಮಾತನಾಡಿದರೆ ‘ದ್ರೋಹಿ’ ಎನಿಸಿಕೊಳ್ಳುವ ಭಯ ನಿವಾಸಿಗಳಿಗೆ.

ಈ ಶೂನ್ಯವನ್ನು ತುಂಬಿದ್ದು ಸಶಸ್ತ್ರ ಸಂಘಟನೆ ಐಆರ್‌ಎ. ಕಾರುಗಳ್ಳರ ಮೊಣಕಾಲಿಗೆ ಗುಂಡಿಕ್ಕುವುದು, ಊರಿನಿಂದ ಗಡೀಪಾರು ಮಾಡುವುದು ಅದರ ಶಿಕ್ಷೆ. ಇತ್ತ ಸೈನಿಕರ ತಪಾಸಣಾ ಠಾಣೆಗಳನ್ನು ಭೇದಿಸಿ ನುಗ್ಗುವ ಕಾರುಗಳ ಮೇಲೂ ಗುಂಡು ಹಾರುತ್ತಿತ್ತು. 1990ರ ಸೆಪ್ಟೆಂಬರ್ 30ರಂದು ಕದ್ದ ಕಾರಿನಲ್ಲಿದ್ದ 17 ವರ್ಷದ ಹುಡುಗ ಹಾಗೂ 18 ವರ್ಷದ ಹುಡುಗಿ ಸೈನಿಕರ ಗುಂಡಿಗೆ ಬಲಿಯಾದರು. ಎರಡೂ ಕಡೆಯಿಂದ ಗುಂಡು ಬಿದ್ದರೂ ಚಟ ನಿಲ್ಲಲಿಲ್ಲ. ಕಾಲಿಗೆ ಗುಂಡು ತಿಂದವರೇ ಮತ್ತೆ ಕಾರು ಕದ್ದ ಉದಾಹರಣೆಗಳಿವೆ. ಆ ಹುಡುಗರ ಗುಂಪಿನಲ್ಲಿ ಗಾಯದ ಗುರುತೂ ಒಂದು ಹೆಗ್ಗಳಿಕೆಯಾಗಿತ್ತು.

1998ರ ಶಾಂತಿ ಒಪ್ಪಂದದ ನಂತರ ಪರಿಸ್ಥಿತಿ ನಿಧಾನವಾಗಿ ಬದಲಾಯಿತು. ಪೊಲೀಸ್ ಸುಧಾರಣೆಗೆ ನೇಮಕಗೊಂಡ ಕ್ರಿಸ್ ಪ್ಯಾಟನ್ ಆಯೋಗ 1999ರಲ್ಲಿ 175 ಶಿಫಾರಸುಗಳನ್ನು ನೀಡಿತು. ಸಮುದಾಯದ ಜೊತೆಗೂಡಿ ನಡೆಸುವ ಪೊಲೀಸ್ ಕಾರ್ಯವೇ ಪಡೆಯ ಮುಖ್ಯ ಕೆಲಸವಾಗಬೇಕು ಎಂಬುದು ಅವುಗಳ ತಿರುಳು. 2001ರಲ್ಲಿ ಪಡೆಯ ಹೆಸರು ಬದಲಾಯಿತು, ಆನಂತರ ಲಾಂಛನವೂ ಬದಲಾಯಿತು. ಹಳೆಯ ಪಡೆಯಲ್ಲಿ ಕ್ಯಾಥೊಲಿಕರ ಪಾಲು ಶೇ. 8ರಷ್ಟು ಮಾತ್ರ ಇತ್ತು. ಸಮಾನ ನೇಮಕಾತಿಯ ನಿಯಮದಿಂದ 2011ರ ವೇಳೆಗೆ ಅದು ಶೇ. 30ರ ಸಮೀಪಕ್ಕೆ ಬಂತು.

ಬಡಾವಣೆಗಳೂ ಸುಮ್ಮನಿರಲಿಲ್ಲ. ಕಾರುಗಳ್ಳನನ್ನೂ ನಷ್ಟಕ್ಕೊಳಗಾದವನನ್ನೂ ಎದುರುಬದುರು ಕೂರಿಸಿ ಮಾತನಾಡಿಸುವ ಸಮುದಾಯ ನ್ಯಾಯ ಕೇಂದ್ರಗಳು ತಲೆಯೆತ್ತಿದವು. ಕದ್ದ ಕಾರುಗಳಿಗೆ ಸಿಕ್ಕಿ ಸತ್ತವರ ಕುಟುಂಬಗಳು ಸಂಘಟಿತವಾದವು. ಇದರಲ್ಲಿ ‘ಜಾಯ್’ ಎಲ್ಲಿದೆ, ಇದು ‘ಸಾವಿನ ಸವಾರಿ’ ಎಂಬ ಮಾತು ಬೀದಿಗಳಲ್ಲಿ ಕೇಳಿಬಂತು. 2007ರ ಜನವರಿಯಲ್ಲಿ ಸಿನ್ ಫೇನ್ ಪಕ್ಷ ಪೊಲೀಸ್ ವ್ಯವಸ್ಥೆಗೆ ಬೆಂಬಲ ಘೋಷಿಸಿತು. ಆನಂತರ ಈ ಕೇಂದ್ರಗಳು ಸರಕಾರದ ಮಾನ್ಯತೆ ಪಡೆದು ಪೊಲೀಸರೊಡನೆ ಕೈಜೋಡಿಸಿದವು.

ಕಾರು ಕಳವು ಇಳಿಯಲು ತಂತ್ರಜ್ಞಾನವೂ ನೆರವಾಯಿತೆನ್ನಬೇಕು. ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ 1998ರಿಂದ ಐರೋಪ್ಯ ಒಕ್ಕೂಟದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಆದರೆ ಸಾಧನ ಕಾರನ್ನಷ್ಟೇ ಕಾಯಬಲ್ಲದು. ಕದ್ದವನು ಯಾರೆಂದು ತಿಳಿದ ನೆರೆಯವನು ಹೆದರದೆ ಪೊಲೀಸರಿಗೆ ಫೋನ್ ಮಾಡಬೇಕಾದರೆ ನಂಬಿಕೆ ಬೇಕು. ಆ ನಂಬಿಕೆಯ ಮೊದಲ ಹಂತಗಳಿಗೇ ಬೆಲ್‌ಫಾಸ್ಟ್‌ಗೆ ಒಂದು ದಶಕ ಹಿಡಿಯಿತು.