ಪಾರ್ಶ್ವಾಂಕಣದ ವಿಕಾಸ: ಶಾಸನಸಂಪುಟದಿಂದ ಜಾಲಪುಟದವರೆಗೆ

ಪುಟದಲ್ಲಿ ಮೂಲಪಾಠಕ್ಕೆ ಯಾವ ಸ್ಥಾನ, ಅದರ ವಿವರಣೆಗೆ ಯಾವ ಸ್ಥಾನ ಎಂಬ ಪ್ರಶ್ನೆ ಗ್ರಂಥಸಂಪಾದನೆಯಷ್ಟೇ ಹಳೆಯದು. ಜಾಲಪುಟದಲ್ಲಿ ಅದು ಪಾರ್ಶ್ವಾಂಕಣದ, ಎಂದರೆ ಮುಖ್ಯ ಬರಹದ ಮಗ್ಗುಲಲ್ಲಿ ನಿಲ್ಲುವ ಕಿರಿಯ ಅಂಕಣದ, ರೂಪದಲ್ಲಿ ಮತ್ತೆ ತಲೆದೋರಿದೆ. ದೇವನೂರಿನ ಸುತ್ತಣ ಸೀಮೆಯ ಶಾಸನಪಾಠಗಳನ್ನು ಜಾಲಪುಟಕ್ಕೆ ತರುವುದಾದರೆ ಅನುಸರಿಸತಕ್ಕ ಕ್ರಮ ಯಾವುದೆಂಬುದನ್ನು ಈ ಅಂಕಣದ ಇತಿಹಾಸದ ಬೆಳಕಿನಲ್ಲಿ ನಾವು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಇವು ಬೇರೆಬೇರೆ ಭಾಗಗಳಲ್ಲಿವೆ. ಒಂದೇ ಶಾಸನವನ್ನು ಅಭ್ಯಸಿಸುವವರು ಅದರ ಸಂಖ್ಯೆಯನ್ನು ಹಿಡಿದು ಮೂರು ಕಡೆ ಹಾಳೆ ತಿರುವಬೇಕಾಗುತ್ತದೆ. ಪಾರ್ಶ್ವಾಂಕಣವು ಈ ತೊಡಕನ್ನು ನೀಗಬಲ್ಲುದು: ಪಾಠವು ಮುಖ್ಯಾಂಕಣದಲ್ಲಿ, ಕಾಲ, ಸ್ಥಳ, ಅರ್ಥಗಳು ಅದರ ಮಗ್ಗುಲಲ್ಲಿ.

ಜಾಲಪುಟದ ಆರಂಭದ ವರ್ಷಗಳಲ್ಲಿ ಈ ವಿನ್ಯಾಸಕ್ಕೆ ತಕ್ಕ ಸಾಧನವಿರಲಿಲ್ಲ. ಅಂಕಿಅಂಶಗಳಿಗಾಗಿ ಹುಟ್ಟಿದ ಕೋಷ್ಟಕವನ್ನೇ ಅಂಕಣಗಳಾಗಿ ಬಳಸಿದರು. ಇದರಿಂದ ಎಡಗಡೆಯ ಸೂಚಿಯು ಮೂಲಸಂಕೇತದಲ್ಲಿ ಮುಖ್ಯ ಬರಹಕ್ಕಿಂತ ಮೊದಲು ಬಂದಿತು. ಪುಟವನ್ನು ಯಂತ್ರದಿಂದ ಓದಿಸಿ ಕೇಳುವ ಅಂಧರು ವಿಷಯವನ್ನು ಮುಟ್ಟುವ ಮುನ್ನ ಆ ಸೂಚಿಯನ್ನೆಲ್ಲ ದಾಟಬೇಕಾಗುತ್ತಿತ್ತು.

ಬರಹವನ್ನೂ ಅದರ ತೋರಿಕೆಯನ್ನೂ ಬೇರ್ಪಡಿಸುವ ಕ್ರಮವನ್ನು ಹೋಕನ್ ವಿಯುಮ್ ಲೀ 1994ರಲ್ಲಿ ಸೂಚಿಸಿದರು. ಅದು 1996ರ ಡಿಸೆಂಬರಿನಲ್ಲಿ ಸಿ.ಎಸ್.ಎಸ್. ಎಂಬ ಹೆಸರಿನಿಂದ ಅಧಿಕೃತ ಶಿಫಾರಸಾಯಿತು. ಅದರಲ್ಲಿನ ‘ಫ್ಲೋಟ್’ ಎಂಬ ಗುಣವು ಚಿತ್ರದ ಸುತ್ತ ಬರಹವನ್ನು ಹರಿಸುವುದಕ್ಕೆಂದು ಏರ್ಪಟ್ಟದ್ದು. ವಿನ್ಯಾಸಕಾರರು ಅದನ್ನು ಅಂಕಣಗಳಿಗೆ ಬಳಸಿದರು. ಆದರೆ ಶೇಕಡಾ 70 ಮತ್ತು 30ರಂತೆ ಅಗಲವನ್ನು ಹಂಚಿ, ಒಳಗೆ ಸ್ವಲ್ಪ ಅಂಚು ಬಿಟ್ಟರೆ, ಮೊತ್ತವು 100ನ್ನು ಮೀರಿ ಪಾರ್ಶ್ವಾಂಕಣವು ಕೆಳಕ್ಕೆ ಜಾರುತ್ತಿತ್ತು. ಎರಡು ಅಂಕಣಗಳ ಎತ್ತರವೂ ಸಮನಾಗುತ್ತಿರಲಿಲ್ಲ. ಸಮನಾದಂತೆ ತೋರಿಸಲು ಹಿನ್ನೆಲೆಯಲ್ಲಿ ಚಿತ್ರವನ್ನಿಡುವ ಉಪಾಯವನ್ನು ಡಾನ್ ಸೀಡರ್‌ಹೋಮ್ 2004ರಲ್ಲಿ ವಿವರಿಸಿದರು. ಅಂಕಣಗಳಿಗೆಂದೇ ರಚಿತವಾದ ‘ಗ್ರಿಡ್’ ಪದ್ಧತಿಯು 2017ರ ಮಾರ್ಚ್ ತಿಂಗಳಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿಗಳಲ್ಲಿ ಬಳಕೆಗೆ ದೊರೆಯಿತು.

ಈ ಇತಿಹಾಸದಿಂದ ನಮ್ಮ ಪ್ರಕೃತಕಾರ್ಯಕ್ಕೆ ಒದಗುವ ಕ್ರಮ ಹೀಗಿದೆ. ಮೂಲಸಂಕೇತದಲ್ಲಿ ಶಾಸನಪಾಠವನ್ನು ‘ಮೇನ್’ ಎಂಬ ಅಂಗದಲ್ಲಿ ಮೊದಲು, ಟಿಪ್ಪಣಿಯನ್ನು ‘ಅಸೈಡ್’ ಎಂಬ ಅಂಗದಲ್ಲಿ ಅನಂತರ ಬರೆಯತಕ್ಕದ್ದು. ಇವೆರಡನ್ನೂ ಒಳಗೊಂಡ ಅಂಗಕ್ಕೆ ಗ್ರಿಡ್ ವಿಧಿಸಿ, ತೆರೆಯು ಸಾಕಷ್ಟು ಅಗಲವಾಗಿದ್ದಾಗ ಮಾತ್ರ ಎರಡು ಅಂಕಣಗಳನ್ನು ಏರ್ಪಡಿಸಬೇಕು: ಟಿಪ್ಪಣಿಗೆ ನಿಶ್ಚಿತವಾದ ಅಗಲ, ಉಳಿದುದೆಲ್ಲ ಪಾಠಕ್ಕೆ. ಆ ಉಳಿದ ಪಾಲನ್ನು ‘1ಎಫ್‌ಆರ್’ ಎಂದಷ್ಟೇ ಬರೆದರೆ, ದೀರ್ಘಸಮಾಸಗಳುಳ್ಳ ಶಾಸನದ ಪಂಕ್ತಿಯು ಅಂಕಣವನ್ನು ಹಿಗ್ಗಿಸಿ ಟಿಪ್ಪಣಿಯನ್ನು ತೆರೆಯ ಹೊರಕ್ಕೆ ತಳ್ಳುವ ಸಂಭವವಿದೆ. ‘ಮಿನ್‌ಮ್ಯಾಕ್ಸ್’ ವಿಧಿಯಿಂದ ಕನಿಷ್ಠ ಅಗಲವನ್ನು ಸೊನ್ನೆಯೆಂದು ಗೊತ್ತುಪಡಿಸಿ, ಉದ್ದವಾದ ಪದವು ಮುರಿಯುವುದಕ್ಕೂ ಅವಕಾಶ ಕೊಟ್ಟರೆ ಈ ದೋಷವು ಪರಿಹಾರವಾಗುತ್ತದೆ.

ಗ್ರಿಡ್‌ನಲ್ಲಿ ಅಂಗಗಳನ್ನು ಕಣ್ಣಿಗೆ ಯಾವ ಕ್ರಮದಲ್ಲಿ ಬೇಕಾದರೂ ತೋರಿಸಬಹುದು. ಆದರೆ ಓದುವ ಯಂತ್ರವು ಸಾಮಾನ್ಯವಾಗಿ ಮೂಲಸಂಕೇತದ ಕ್ರಮವನ್ನೇ ಹಿಡಿಯುತ್ತದೆ. ಕಿರಿದಾದ ತೆರೆಯಲ್ಲಿ ಅಂಕಣಗಳು ಒಂದಾದಾಗಲೂ ಅದೇ ಕ್ರಮ ಉಳಿಯುತ್ತದೆ. ಆದುದರಿಂದ ಈ ಕ್ರಮವನ್ನು ನಿರ್ಣಯಿಸುವುದು ಅಲಂಕಾರದ ಕೆಲಸವಲ್ಲ, ಸಂಪಾದಕನ ಕೆಲಸ. ದೇವನೂರಿನ ಗ್ರಾಮಸ್ಥರೊಬ್ಬರು ತಮ್ಮ ಸೀಮೆಯ ಶಾಸನವನ್ನು ಕೈಯ ದೂರವಾಣಿಯಲ್ಲಿ ತೆರೆದಾಗ ಅವರಿಗೆ ಮೊದಲು ದೊರೆಯಬೇಕಾದುದು ಸಂಪುಟದ ವಿವರವಲ್ಲ, ಕಲ್ಲಿನ ಮಾತು. ಅದನ್ನು ಓದಿದ ಬಳಿಕ ವಿವರಣೆಯನ್ನು ಅರಸುವವರಿಗೆ ಅದು ಕೆಳಗೆ ಕಾದಿರುತ್ತದೆ. ಈ ಆದ್ಯತೆಯನ್ನು ಸಂಕೇತವನ್ನು ಬರೆಯುವ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದೆಂಬುದು ನಮ್ಮ ಅಭಿಪ್ರಾಯ.