ಕಾರಿನೊಳಗಿನ ಕಿವಿ

1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ತಮ್ಮ ಗಸ್ತು ಕಾರುಗಳಿಗೆ ರೇಡಿಯೋ ಮೂಲಕ ನಿಯಮಿತವಾಗಿ ಸಂದೇಶ ಕಳುಹಿಸತೊಡಗಿದರು. ಅದು ಏಕಮುಖ ವ್ಯವಸ್ಥೆ. ಕೇಂದ್ರ ಹೇಳುತ್ತಿತ್ತು, ಕಾರು ಕೇಳುತ್ತಿತ್ತು, ಮರುಮಾತಿಗೆ ದಾರಿಯಿರಲಿಲ್ಲ. ತೊಡಕು ಹುಟ್ಟಿದ್ದು ಬೇರೆ ಕಡೆ. ಆ ಸಂದೇಶವನ್ನು ಪೊಲೀಸರಷ್ಟೇ ಅಲ್ಲ, ಊರಿಗೆ ಊರೇ ಕೇಳಬಹುದಿತ್ತು.

ಆಗಿನ ಪೊಲೀಸ್ ತರಂಗಾಂತರಗಳು ಸಾಮಾನ್ಯ ಪ್ರಸಾರದ ಪಕ್ಕದಲ್ಲೇ ಇದ್ದವು. 1930ರ ದಶಕದ ಎಷ್ಟೋ ಮನೆ ರೇಡಿಯೋಗಳ ಫಲಕದ ಮೇಲೆ 'ಪೊಲೀಸ್' ಎಂದೇ ಅಚ್ಚಾಗಿರುತ್ತಿತ್ತು. ಸಂಗೀತ ಕೇಳುತ್ತಿದ್ದವರು ಮುಳ್ಳನ್ನು ತುಸು ಸರಿಸಿದರೆ ಸಾಕು, ನಗರದಲ್ಲಿ ನಡೆಯುತ್ತಿದ್ದ ಕಳ್ಳತನ, ಹೊಡೆದಾಟಗಳ ಸುದ್ದಿ ಕೇಳುತ್ತಿತ್ತು.

ಕಾನೂನು ಈ ಮನೆಯ ಕಿವಿಗೆ ಅಷ್ಟಾಗಿ ಅಂಜಲಿಲ್ಲ. ಅಂಜಿದ್ದು ಚಲಿಸುವ ಕಿವಿಗೆ. ಮನೆಯಲ್ಲಿ ಕೂತು ಕೇಳುವವನು ಕುತೂಹಲಿ. ಕಾರಿನಲ್ಲಿ ಕೇಳುವವನು ಪೊಲೀಸರಿಗಿಂತ ಮೊದಲೇ ಜಾಗ ಖಾಲಿ ಮಾಡಬಲ್ಲ. ಮಿಶಿಗನ್ ರಾಜ್ಯದ 1931ರ ದಂಡಸಂಹಿತೆಯ 508ನೇ ಕಲಮು, ಅನುಮತಿಯಿಲ್ಲದೆ ವಾಹನದಲ್ಲಿ ಇಂಥ ರೇಡಿಯೋ ಅಳವಡಿಸುವುದನ್ನು ಅಪರಾಧವಾಗಿಸಿತು. ನ್ಯೂಯಾರ್ಕ್ ರಾಜ್ಯದ ವಾಹನ ಕಾಯ್ದೆಯ 397ನೇ ಕಲಮಿನದೂ ಇದೇ ದಾರಿ. ಅಲ್ಲಿ ಗಮನಿಸಬೇಕಾದದ್ದು ಒಂದು ಮಾತು: ಪೊಲೀಸ್ ಸಂದೇಶವನ್ನು ಹಿಡಿಯಲು 'ಸಮರ್ಥವಾದ' ಸಾಧನ. ನೀವು ಕೇಳಿದಿರಾ, ಕೇಳಿ ಏನು ಮಾಡಿದಿರಿ ಎಂಬ ಪ್ರಶ್ನೆ ಅಲ್ಲಿಲ್ಲ. ಕೇಳಬಲ್ಲಿರಿ ಎಂಬುದೇ ಸಾಕು. ಮುಂದೆ ಹಲವು ತರಂಗಾಂತರಗಳನ್ನು ತಾನಾಗಿಯೇ ಜಾಲಾಡುವ ಸ್ಕ್ಯಾನರ್ ಬಂದಾಗ, ಅದೂ ಈ ಹಳೆಯ ಮಾತಿನೊಳಗೇ ಸಿಕ್ಕಿಕೊಂಡಿತು.

ಅನುಮತಿ ಬೇಕು ಎಂದಮೇಲೆ ಅದನ್ನು ಕೊಡುವವರೂ ಇರಬೇಕಲ್ಲ. ನ್ಯೂಯಾರ್ಕಿನ ಛಾಯಾಗ್ರಾಹಕ ಆರ್ಥರ್ ಫೆಲಿಗ್, ಅಂದರೆ 'ವೀಜಿ', 1938ರಲ್ಲಿ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೋ ಇಟ್ಟುಕೊಳ್ಳುವ ಅನುಮತಿ ಪಡೆದ. ಕಾರಿನ ಡಿಕ್ಕಿಯೇ ಅವನ ಕಚೇರಿ. ಟೈಪ್‌ರೈಟರ್, ಫ್ಲ್ಯಾಶ್ ಬಲ್ಬುಗಳೆಲ್ಲ ಅದರಲ್ಲೇ. ಕೊಲೆ, ಬೆಂಕಿ, ಅಪಘಾತಗಳ ಜಾಗಕ್ಕೆ ಬಿಸಿಬಿಸಿಯಾಗಿ ತಲುಪಿ ಅವನು ತೆಗೆದ ಚಿತ್ರಗಳು ಇಂದು ಆ ನಗರದ ಇತಿಹಾಸದ ಭಾಗ. ಆದರೆ ಆ ಇತಿಹಾಸ ದಾಖಲಾದದ್ದು ಪೊಲೀಸರ ಕೃಪೆಯಿಂದ ಎಂಬುದನ್ನು ಮರೆಯುವಂತಿಲ್ಲ. ಯಾರು ಕೇಳಬಹುದು ಎಂದು ತೀರ್ಮಾನಿಸುವವರೇ, ಏನು ಸುದ್ದಿಯಾಗಬಹುದು ಎಂಬುದನ್ನೂ ಒಂದಷ್ಟು ತೀರ್ಮಾನಿಸುತ್ತಾರೆ.

ಕಾಲ ಕಳೆದಂತೆ ಕಾನೂನು ಸಡಿಲಗೊಂಡಿತು. ಹವ್ಯಾಸಿ ರೇಡಿಯೋ ಪರವಾನಗಿ ಹೊಂದಿದವರ ವಾಹನಗಳಲ್ಲಿನ ಉಪಕರಣ ಪೊಲೀಸ್ ಸಂದೇಶವನ್ನೂ ಹಿಡಿಯಬಲ್ಲುದು ಎಂಬ ಒಂದೇ ಕಾರಣಕ್ಕೆ ರಾಜ್ಯಗಳು ಅದನ್ನು ತಡೆಯುವಂತಿಲ್ಲ ಎಂದು 1993ರಲ್ಲಿ ಕೇಂದ್ರದ ಸಂಪರ್ಕ ಆಯೋಗ ಹೇಳಿತು. 2006ರಲ್ಲಿ ಮಿಶಿಗನ್ ಅನುಮತಿಯ ಕಟ್ಟಳೆಯನ್ನೇ ಕೈಬಿಟ್ಟು, ಅಪರಾಧ ಎಸಗುವಾಗ ಸ್ಕ್ಯಾನರ್ ಇಟ್ಟುಕೊಳ್ಳುವುದನ್ನು ಶಿಕ್ಷಾರ್ಹವಾಗಿ ಉಳಿಸಿಕೊಂಡಿತು. ಸಾಧನದಿಂದ ಉದ್ದೇಶದ ಕಡೆಗೆ ಬಂದ ಈ ನಡೆ ನ್ಯಾಯವಾದುದೇ.

ಆದರೆ ಕಾನೂನು ತೆರೆದ ಬಾಗಿಲನ್ನು ತಂತ್ರಜ್ಞಾನ ಮುಚ್ಚುತ್ತಿದೆ. 2023ರಲ್ಲಿ ನ್ಯೂಯಾರ್ಕ್ ಪೊಲೀಸರು ತಮ್ಮ ರೇಡಿಯೋ ಮಾತುಕತೆಯನ್ನು ಗೂಢಲಿಪಿಗೆ ಒಳಪಡಿಸತೊಡಗಿದರು. ಸಂತ್ರಸ್ತರ ಖಾಸಗಿತನ, ಸಿಬ್ಬಂದಿಯ ಸುರಕ್ಷತೆ ಎಂಬ ಅವರ ಕಾರಣಗಳು ಪೊಳ್ಳಲ್ಲ. ಹಾಗಿದ್ದರೂ ಒಂದು ವ್ಯತ್ಯಾಸವಿದೆ. ಹಳೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು, ಶಾಸನಸಭೆಯಲ್ಲಿ ತಿದ್ದಬಹುದಿತ್ತು. ಮನೆಯ ಕಿವಿಯನ್ನಂತೂ ಅದು ಮುಟ್ಟಿರಲಿಲ್ಲ. ಗೂಢಲಿಪಿಗೆ ಕಾರು, ಮನೆ, ಪತ್ರಿಕಾಲಯ ಎಂಬ ಭೇದವಿಲ್ಲ. ಪೊಲೀಸರು ಹೇಳಿದ ಮೇಲಷ್ಟೇ ಜನ ತಿಳಿಯಬೇಕಾದಲ್ಲಿ, ಪೊಲೀಸರ ಬಗ್ಗೆಯೇ ತಿಳಿಯಬೇಕಾದದ್ದನ್ನು ಯಾರು ಹೇಳುತ್ತಾರೆ?