ಬುಕ್ಕರಾಯನ ಶಾಸನವೂ ಕಲಶವಾದ್ಯಗಳ ಹಕ್ಕೂ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ. ಶ. 1368ರ (ಶಕ 1290, ಕೀಲಕ ಸಂವತ್ಸರ) ಶಾಸನವು ವಿಜಯನಗರದ ಅರಸರ ಮತಸಹಿಷ್ಣುತೆಗೆ ನಿದರ್ಶನವೆಂದು ಪ್ರಸಿದ್ಧವಾಗಿದೆ. ಆದರೆ ಅಂದಿನ ವಿವಾದಕ್ಕೆ ವಿಷಯವಾದುದು ಏನೆಂಬುದನ್ನು ಅದನ್ನು ಕೊಂಡಾಡುವವರು ಅಷ್ಟಾಗಿ ವಿಚಾರಿಸುವುದಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ಆಗಿದ್ದ ಕಲಹದಲ್ಲಿ ಅರಸನು ಜೀವಕರ್ಮಗಳ ತತ್ತ್ವವನ್ನು ನಿರ್ಣಯಿಸಲಿಲ್ಲ. ಪಂಚಮಹಾವಾದ್ಯ ಮತ್ತು ಕಲಶಗಳನ್ನು ಕುರಿತು ನಿರ್ಣಯಿಸಿದನು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂಬ ಈ ವಾದ್ಯಗಳು ಮನೆಯೊಳಗಣ ನಂಬಿಕೆಗೆ ಬೇಕಾದುವಲ್ಲ. ಹತ್ತು ಜನರ ಕಣ್ಣಿಗೂ ಕಿವಿಗೂ ಬೀಳುವ ಗೌರವಚಿಹ್ನೆಗಳಾದುದರಿಂದಲೇ ಇವು ಜಗಳಕ್ಕೆ ಎಡೆಯಾದುವು.

ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ಕಡೆಗಳ ಭವ್ಯಜನರು ಭಕ್ತರು ಮಾಡುವ ಅನ್ಯಾಯಗಳನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ತಿರುಕುಲ ಜಾಂಬವಕುಲದವರೂ ಒಳಗಾದ ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಹಿಡಿದುಕೊಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಜೈನದರ್ಶನಕ್ಕೆ ವಾದ್ಯಗಳೂ ಕಲಶವೂ ಪೂರ್ವಮರ್ಯಾದೆಯಂತೆ ಸಲ್ಲತಕ್ಕವೆಂದು ವಿಧಿಸಿದನು. ಇಲ್ಲಿ ಹೊಸ ಹಕ್ಕೊಂದು ಹುಟ್ಟಲಿಲ್ಲ. ಹಳೆಯ ರೂಢಿಗೆ ರಾಜಮುದ್ರೆ ಬಿದ್ದಿತು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಬರುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸಬೇಕೆಂಬ ಮಾತು ಇದಕ್ಕಿಂತಲೂ ದೊಡ್ಡದು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯೂ ಸಂಘಸಮುದಾಯಗಳಿಗೆ ದ್ರೋಹಿಯೂ ಆಗುವನು.

ವಿನೋದವೆಂದರೆ, ಜೈನರನ್ನು ಕಾಪಾಡುವ ಈ ಶಾಸನದ ಮೊದಲಿಗೇ ರಾಮಾನುಜಾಚಾರ್ಯರನ್ನು ಪಾಷಂಡಮತಗಳೆಂಬ ಕಡಲಿಗೆ ಬಡಬಾಗ್ನಿಯೆಂದು ಸ್ತುತಿಸುವ ಶ್ಲೋಕವಿದೆ. ಮತಾಭಿಮಾನವನ್ನು ಬಿಡಬೇಕೆಂದು ಅರಸನು ಯಾರನ್ನೂ ಕೇಳಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಟ್ಟಳೆಯನ್ನು ನಡೆಸುವ ಬಗೆಯೂ ಗಮನಾರ್ಹವಾದುದು. ತಿರುಮಲೆಯ ತಾತಯ್ಯನು ಜೈನರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿಟ್ಟು, ಮಿಕ್ಕ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಬೇಕಾಗಿದ್ದಿತು. ಕಾವಲಿನ ಹೊಣೆ ಎದುರುಪಕ್ಷದವನದು, ವೆಚ್ಚವಾದರೋ ಅನ್ಯಾಯಕ್ಕೊಳಗಾದವರದು! ಸಮತೆಯ ಮಾತನ್ನು ಓದುವಾಗ ಈ ಲೆಕ್ಕವನ್ನೂ ಓದತಕ್ಕದ್ದು.

ರಾಜ್ಯದ ಬಸದಿಗಳಲ್ಲೆಲ್ಲ ಶಾಸನವನ್ನು ನೆಡಬೇಕೆಂದು ಆಜ್ಞೆಯಿದ್ದಿತು. ಮಾಗಡಿ ಸೀಮೆಯ ಕಲ್ಯದಲ್ಲಿ, ಎಂದರೆ ಅಂದಿನ ಕಲ್ಲೆಹದಲ್ಲಿ, ಇದರ ಇನ್ನೊಂದು ಪ್ರತಿ ದೊರೆತಿದೆ. ಆ ಊರಿನ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಬೆಳಗೊಳದ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.